ಸೈಕಲಾಜಿಕಲ್ ಥ್ರಿಲ್ಲರ್ ಕಿರುಚಿತ್ರ: ಕನ್ನಡಿ, ಮಳೆ, ಮೆಟ್ಟಿಲು ಬಿಟ್ಟರೆ ಬೇರೆ ಏನಿದೆ?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿನಿ. ನಾವು ನಾಲ್ವರು ಸೇರಿ ಎಂಟು ನಿಮಿಷದ ಸೈಕಲಾಜಿಕಲ್ ಥ್ರಿಲ್ಲರ್ ಮಾಡುತ್ತಿದ್ದೇವೆ. ಕ್ಯಾಮೆರಾ ಹಿಡಿಯುವ ಮೊದಲು ಆ ಸಿನಿಮಾ ಪ್ರಕಾರದ ರೂಢಿಗಳ (ಅಂಥ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಅಂಶಗಳ) ಬಗ್ಗೆ ಹತ್ತು ಪುಟದ ಅಧ್ಯಯನವನ್ನು ಒಪ್ಪಿಸಬೇಕು.

ಮೂರು ವಾರ ಸಿನಿಮಾ ನೋಡಿ ಪಟ್ಟಿ ಮಾಡಿದೆವು. ಒಡೆದ ಕನ್ನಡಿ, ಮಳೆ, ಮೆಟ್ಟಿಲು, ನಿಂತ ಗಡಿಯಾರ, ಹಳೆಯ ಫೋಟೊ, ಗೋಡೆಯ ಮೇಲಿನ ನೆರಳು, ಕೊನೆಯ ತಿರುವು, ಹೀಗೆ ನಲವತ್ತೊಂದು ಅಂಶಗಳಾದವು. ಮೇಡಂ ಓದಿ, ‘ಇದು ಅಂಗಡಿ ಸಾಮಾನಿನ ಚೀಟಿ, ಅಧ್ಯಯನವಲ್ಲ’ ಎಂದರು. ಬೇಸರವಾಯಿತು, ಆದರೆ ಅವರು ಹೇಳಿದ್ದು ಸರಿ ಎಂದೂ ಅನ್ನಿಸಿತು.

ನಮ್ಮ ಕಥೆ ಇಷ್ಟು: ತಾಯಿ ತೀರಿಕೊಂಡ ಮೇಲೆ ಮಗಳು ತೀರ್ಥಹಳ್ಳಿ ಬಳಿಯ ಹಳೆಯ ಮನೆಗೆ ಬರುತ್ತಾಳೆ. ಮಳೆ ಸುರಿಯುವ ರಾತ್ರಿ ಅವಳಿಗೆ ಒರಳು ಕಲ್ಲು ತಿರುಗುವ ಸದ್ದು ಕೇಳುತ್ತದೆ. ಅಣ್ಣನಿಗೆ ಮಾತ್ರ ಕೇಳುವುದಿಲ್ಲ. ಕೊನೆಗೆ ಅವಳಿಗೇ ಮಾನಸಿಕ ಕಾಯಿಲೆ ಇತ್ತು, ತಾಯಿಯನ್ನು ಕೊಂದವಳೂ ಅವಳೇ ಎಂದು ತಿಳಿಯುತ್ತದೆ.

ರೂಢಿಯನ್ನು ಅಧ್ಯಯನ ಮಾಡುವುದೆಂದರೆ ನಿಜವಾಗಿ ಏನು ಮಾಡುವುದು? ಯಾವ ಚಿತ್ರಗಳನ್ನು ನೋಡಬೇಕು? ಕಥೆ ಹೇಗಿದೆ?

ಮುಂದಿನ ಸಾಲು
ಒರಳು ಕಲ್ಲಿನ ಸದ್ದು ಬಹಳ ಚೆನ್ನಾಗಿದೆ. ಅದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಕತ್ತರಿ ಕೆಲಸ
ನಾನು ಸಂಕಲನಕಾರ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ವಸ್ತುಗಳು. ವಸ್ತುಗಳು ಒಂದು ಪ್ರಕಾರದ ಶಬ್ದಕೋಶವಷ್ಟೇ, ಅವನ್ನು ಜೋಡಿಸುವ ವ್ಯಾಕರಣ ಬೇರೆ ಇದೆ. ರಿಕ್ ಆಲ್ಟ್‌ಮನ್ ಎಂಬ ವಿದ್ವಾಂಸರು 1984ರಲ್ಲಿ ಬರೆದ ಲೇಖನದಲ್ಲಿ ಈ ಎರಡನ್ನೂ ಬಿಡಿಸಿ ತೋರಿಸಿದ್ದಾರೆ. ಮಳೆ ಪ್ರೇಮಕಥೆಯಲ್ಲೂ ಇದೆ, ರೈತನ ಕಥೆಯಲ್ಲೂ ಇದೆ. ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಮಳೆಗೆ ಸಿಕ್ಕ ಕೆಲಸವೇನು? ಹೊರಗಿನವರು ಬಾರದಂತೆ ಮಾಡುವುದು, ಸದ್ದನ್ನು ಮುಚ್ಚುವುದು, ಕಂಡದ್ದು ನಿಜವೇ ಎಂಬ ಅನುಮಾನ ಹುಟ್ಟಿಸುವುದು. ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೂ ‘ಇದು ಪ್ರೇಕ್ಷಕನಲ್ಲಿ ಯಾವ ನಿರೀಕ್ಷೆ ಹುಟ್ಟಿಸುತ್ತದೆ’ ಎಂದು ಒಂದು ಸಾಲು ಬರೆಯಿರಿ. ಉತ್ತರ ಸಿಗದಿದ್ದರೆ ಹೊಡೆದು ಹಾಕಿ. ನಲವತ್ತೊಂದರಲ್ಲಿ ಹತ್ತು ಉಳಿದರೆ ಹೆಚ್ಚು.

‘ಲೂಸಿಯಾ’ವನ್ನು ಹೀಗೇ ನೋಡಿ. 2013ರ ಚಿತ್ರ, ಪ್ರೇಕ್ಷಕರೇ ಹಣ ಹಾಕಿ ಮಾಡಿಸಿದ್ದು. ಒಂದು ಬದುಕು ಬಣ್ಣದಲ್ಲಿದೆ, ಇನ್ನೊಂದು ಕಪ್ಪುಬಿಳುಪಿನಲ್ಲಿದೆ. ಕಪ್ಪುಬಿಳುಪು ಎಂದರೆ ಕನಸು ಎಂಬ ರೂಢಿ ನಮ್ಮ ತಲೆಯಲ್ಲಿ ಮೊದಲೇ ಕುಳಿತಿದೆ. ನಿರ್ದೇಶಕ ಪವನ್ ಕುಮಾರ್ ಆ ರೂಢಿಯನ್ನು ಬದಿಗೆ ಸರಿಸಲಿಲ್ಲ, ಅದರ ಮೇಲೆಯೇ ಇಡೀ ಚಿತ್ರ ಕಟ್ಟಿದರು. ಬಣ್ಣದ ಬದುಕೇ ಕನಸು ಎಂದು ಕೊನೆಯಲ್ಲಿ ತಿಳಿದಾಗ ನಮಗೆ ಮೋಸ ಮಾಡಿದ್ದು ನಮ್ಮದೇ ನಂಬಿಕೆ.

ಮುಂದಿನ ಸಾಲು
ಸರ್, ನಾನು ‘ಲೂಸಿಯಾ’ ನೋಡಿರಲಿಲ್ಲ! ಒಂದು ಮಾತು ಮೊದಲೇ ಎಚ್ಚರಿಸಬಾರದಿತ್ತೇ?

ಕತ್ತರಿ ಕೆಲಸ
ತಪ್ಪಾಯಿತು, ಎಚ್ಚರಿಸಬೇಕಿತ್ತು. ಆದರೂ ನೋಡಿ. ಅಂತ್ಯ ತಿಳಿದು ನೋಡಿದರೆ ಯಾವ ದೃಶ್ಯದಲ್ಲಿ ಯಾವ ಸುಳಿವು ಬಿಟ್ಟಿದ್ದಾರೆ ಎನ್ನುವುದು ಕಾಣುತ್ತದೆ. ಅಧ್ಯಯನಕ್ಕೆ ಎರಡನೆಯ ನೋಟವೇ ಬೇಕಾದದ್ದು.

ಹಳೇ ಟಾಕೀಸು
ಅಧ್ಯಯನದ ಹೆಸರಿನಲ್ಲಿ ಮೊದಲ ನೋಟವನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. 1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಅದರ ನಿರ್ದೇಶಕ ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟುಪಾಡು ಹಾಕಿದ್ದರು. ನಾಯಕಿ ಎಂದು ನಂಬಿದವಳು ಅರ್ಧಕ್ಕೂ ಮೊದಲೇ ಸಾಯುತ್ತಾಳೆ, ತಡವಾಗಿ ಬಂದವರಿಗೆ ಆ ಆಘಾತ ಸಿಗುವುದಿಲ್ಲ. ನಾಯಕಿ ಕೊನೆಯವರೆಗೆ ಇರುತ್ತಾಳೆ ಎನ್ನುವುದೂ ಒಂದು ರೂಢಿಯೇ ತಾನೇ?

ಮಗು, ನಿನಗೆ ಇನ್ನೊಂದು ಮಾತು. ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ದಿನಗಟ್ಟಲೆ ಮಾತನಾಡಿದ್ದರು, ಅದು ಪುಸ್ತಕವಾಗಿದೆ. ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಅಲ್ಲಿದೆ. ಬಾಂಬು ಇದೆಯೆಂದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಬೆರಗು. ಅದು ಇರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷದ ಕಾತರ. ನಿನ್ನ ಎಂಟು ನಿಮಿಷದ ಕಥೆ ಕೊನೆಯ ಹತ್ತು ಸೆಕೆಂಡಿನ ಬೆರಗನ್ನೇ ನಂಬಿ ಕುಳಿತಿದೆ. ಉಳಿದ ಏಳು ನಿಮಿಷ ಐವತ್ತು ಸೆಕೆಂಡು ನಾನು ಯಾತಕ್ಕೆ ಉಸಿರು ಬಿಗಿಹಿಡಿಯಬೇಕು?

ತುಂಗೆಯ ದಡ
ಸರ್, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇವತ್ತು ಗೆಳೆಯರ ಮುಂದೆ ಇದನ್ನೇ ಇಡುತ್ತೇನೆ.

ಸರಸ್ವತಿಪುರಂ
ನಾನು ಕನ್ನಡ ಪಾಠ ಮಾಡುವವಳು. ನೀವೆಲ್ಲ ‘ರೂಢಿ’ ಎನ್ನುತ್ತಿರುವುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಸೊಗಸಾದ ಮಾತಿದೆ: ಕವಿಸಮಯ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಹಂಸ ಹಾಲು ನೀರನ್ನು ಬೇರ್ಪಡಿಸುತ್ತದೆ. ಲೋಕದಲ್ಲಿ ಹೀಗಿಲ್ಲ ಎಂದು ಕವಿಗೂ ಗೊತ್ತು, ಓದುವವನಿಗೂ ಗೊತ್ತು. ಇಬ್ಬರೂ ಒಪ್ಪಿಕೊಂಡಿದ್ದಾರೆ, ಅಷ್ಟೆ. ‘ಸಮಯ’ ಎಂದರೆ ಅಲ್ಲಿ ಒಪ್ಪಂದ. ಸಂಸ್ಕೃತದ ಕವಿ ರಾಜಶೇಖರ ಇದನ್ನು ವಿವರವಾಗಿ ಚರ್ಚಿಸಿದ್ದಾನೆ. ಸಿನಿಮಾದ ರೂಢಿಯನ್ನೂ ಹೀಗೇ ನೋಡಿದರೆ ಅದು ನಿರ್ದೇಶಕನ ಸೋಮಾರಿತನವಲ್ಲ, ಪ್ರೇಕ್ಷಕನ ಜೊತೆಗಿನ ಒಪ್ಪಂದ. ಅಧ್ಯಯನದ ಮೊದಲ ಪುಟಕ್ಕೆ ಈ ಮಾತು ಒದಗೀತು.

ಕತ್ತರಿ ಕೆಲಸ
ಅರ್ಧ ಒಪ್ಪುತ್ತೇನೆ ಮೇಡಂ. ಕವಿಸಮಯ ಶತಮಾನಗಟ್ಟಲೆ ಹಾಗೆಯೇ ಇರುತ್ತದೆ. ಸಿನಿಮಾದ ಒಪ್ಪಂದ ಬಹಳ ಬೇಗ ಸವೆಯುತ್ತದೆ. ಬಚ್ಚಲ ಕನ್ನಡಿಯ ಬಾಗಿಲು ಮುಚ್ಚಿದ ತಕ್ಷಣ ಹಿಂದೆ ಯಾರೋ ನಿಂತಿರುವುದು ಕಾಣುವ ದೃಶ್ಯಕ್ಕೆ ಈಗ ಮಕ್ಕಳೂ ಬೆಚ್ಚುವುದಿಲ್ಲ.

ಸರಸ್ವತಿಪುರಂ
ಕಾವ್ಯದಲ್ಲೂ ಸವೆಯುತ್ತದೆ. ತಾವರೆ ಕಣ್ಣು ಎಂದು ಎಲ್ಲರೂ ಬರೆದಿದ್ದಾರೆ. ಒಳ್ಳೆಯ ಕವಿ ಅದನ್ನು ಬಿಡಲಿಲ್ಲ, ಹೊಸದಾಗಿ ತಿರುಗಿಸಿದ. ನೀವು ‘ಲೂಸಿಯಾ’ ಬಗ್ಗೆ ಹೇಳಿದ್ದೂ ಇದನ್ನೇ.

ಮೂರನೇ ಗಂಟೆ
ರಂಗಭೂಮಿಯವನಾಗಿ ನನ್ನದೂ ಒಂದು ಮಾತು. ಎಲ್ಲರೂ ಈ ಬಗೆಯ ಚಿತ್ರವನ್ನು ಭಯಾನಕ ರಸಕ್ಕೆ ಸೇರಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ನಾಟ್ಯಶಾಸ್ತ್ರದ ಮೂವತ್ತಮೂರು ವ್ಯಭಿಚಾರಿ ಭಾವಗಳನ್ನು, ಅಂದರೆ ಮನಸ್ಸಿನಲ್ಲಿ ಬಂದು ಹೋಗುವ ಭಾವಗಳನ್ನು, ಓದಿ ನೋಡಿ. ಶಂಕೆ, ಚಿಂತೆ, ಸ್ಮೃತಿ, ತ್ರಾಸ, ವಿತರ್ಕ, ಉನ್ಮಾದ, ಎಲ್ಲ ಅಲ್ಲಿವೆ. ಈ ಬಗೆಯ ಚಿತ್ರ ನಡೆಯುವುದು ಶಂಕೆ ಮತ್ತು ವಿತರ್ಕಗಳ (ಹೀಗೋ ಹಾಗೋ ಎಂಬ ತೂಗಾಟದ) ಮೇಲೆ. ಜೊತೆಗೆ ಅವಹಿತ್ಥ ಎಂಬುದೊಂದಿದೆ, ಒಳಗಿನ ಭಾವವನ್ನು ಮುಖದಲ್ಲಿ ತೋರದಂತೆ ಅಡಗಿಸುವುದು. ವಿದ್ಯಾರ್ಥಿಗಳ ಕಿರುಚಿತ್ರಗಳಲ್ಲಿ ನಟರು ಕಣ್ಣು ಅರಳಿಸಿ ಉನ್ಮಾದವನ್ನು ಅಭಿನಯಿಸುತ್ತಾರೆ. ಅಣ್ಣನ ಪಾತ್ರದವನಿಗೆ ಅವಹಿತ್ಥವನ್ನು ಕಲಿಸಿ. ಅವನು ಮೆಲ್ಲಗೆ, ಪ್ರೀತಿಯಿಂದ, ‘ನನಗೇನೂ ಕೇಳಿಸಲಿಲ್ಲ, ನೀನು ಮಲಗು’ ಎನ್ನಲಿ. ನನಗೆ ಅದಕ್ಕಿಂತ ಹೆಚ್ಚಿನ ಭಯ ಬೇಡ.

ಯಕ್ಷಗಾನದಲ್ಲಿ ಬಣ್ಣದ ವೇಷದ ತೆರೆ ಒಡ್ಡೋಲಗ, ಅಂದರೆ ರಾಕ್ಷಸ ಪಾತ್ರ ತೆರೆಯ ಹಿಂದಿನಿಂದ ಪ್ರವೇಶಿಸುವುದು, ನೋಡಿದ್ದೀರಲ್ಲ? ತೆರೆಯ ಮೇಲೆ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ, ಚೆಂಡೆ ಏರುತ್ತದೆ, ಪೂರ್ತಿ ಮುಖ ಕಾಣುವುದಕ್ಕೆ ಕಾಯಬೇಕು. ಮುಚ್ಚಿಟ್ಟು ತೋರಿಸುವ ಈ ವಿದ್ಯೆ ನಮ್ಮ ಊರಿನಲ್ಲೇ ಇದೆ.

ಅಡಿಕೆ ತೋಟ
ತೆರೆ ಒಡ್ಡೋಲಗದ ಹೋಲಿಕೆ ಮನಸ್ಸಿಗೆ ಹಿಡಿಸಿತು. ಈಗ ಕಾಲಮಿತಿಯ ಪ್ರಯೋಗಗಳಲ್ಲಿ ಅದನ್ನು ಎರಡೇ ನಿಮಿಷಕ್ಕೆ ಮುಗಿಸಿಬಿಡುವುದು ಕಂಡರೆ ಸಂಕಟವಾಗುತ್ತದೆ.

ಮೂರನೇ ಗಂಟೆ
ನನಗೂ. ಆ ನೋವನ್ನು ಹಂಚಿಕೊಳ್ಳುವುದಕ್ಕೆ ಬೇರೆ ಚರ್ಚೆಯನ್ನೇ ತೆರೆಯೋಣ.

ರಾತ್ರಿ ಪಾಳಿ
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಮನೋರೋಗ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ದಾದಿ. ತಂಗಿ, ನಿನ್ನ ಶ್ರದ್ಧೆ ಕಂಡು ಸಂತೋಷವಾಯಿತು. ಆದರೆ ನಿನ್ನ ಕಥೆಯ ಅಂತ್ಯ ಓದಿ ಮನಸ್ಸಿಗೆ ನೋವಾಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಚಕೋರ ಬೆಳದಿಂಗಳು ಕುಡಿಯುತ್ತದೆ ಎಂದರೆ ಯಾವ ಹಕ್ಕಿಗೂ ನಷ್ಟವಿಲ್ಲ. ‘ಮಾನಸಿಕ ಕಾಯಿಲೆ ಇದ್ದವಳೇ ಕೊಲೆಗಾರ್ತಿ’ ಎಂಬ ನಿಮ್ಮ ಕವಿಸಮಯದಿಂದ ನಷ್ಟವಾಗುವವರು ಇದ್ದಾರೆ. ನಾನು ದಿನವೂ ಅವರ ಕೈಗೆ ಮಾತ್ರೆ ಕೊಡುತ್ತೇನೆ. ಅವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡಿದವರಲ್ಲ, ಪೆಟ್ಟು ತಿಂದವರೇ ಅನೇಕರು. ಒಬ್ಬ ಹುಡುಗಿ ಗುಣವಾಗಿ ಮನೆಗೆ ಹೋದಳು. ತರಕಾರಿ ಹೆಚ್ಚಲು ಕೂತರೆ ಅತ್ತೆ ಈಳಿಗೆ ಮಣೆಯನ್ನು ಎತ್ತಿಡುತ್ತಿದ್ದರಂತೆ. ಆ ಭಯವನ್ನು ಅತ್ತೆಗೆ ಕಲಿಸಿದ್ದು ಯಾವ ವೈದ್ಯರೂ ಅಲ್ಲ. ಅದು ಸಿನಿಮಾ ಧಾರಾವಾಹಿಗಳಿಂದ ಬಂದದ್ದು ಎಂದು ನಾನು ನಂಬಿದ್ದೇನೆ.

‘ಶರಪಂಜರ’ ನೋಡು. 1971ರದು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅಭಿನಯ. ಹೆರಿಗೆಯ ನಂತರ ನಾಯಕಿ ಕಾವೇರಿಗೆ ಕಾಯಿಲೆ ಬರುತ್ತದೆ, ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಅವಳನ್ನು ಮತ್ತೆ ಮುರಿಯುವುದು ಮನೆಯವರ ನೋಟ. ಅದು ಥ್ರಿಲ್ಲರ್ ಅಲ್ಲ ಎಂದು ಗೊತ್ತು. ಆದರೆ ಪ್ರತಿ ದೃಶ್ಯದಲ್ಲೂ ನನ್ನ ಎದೆ ಬಡಿದುಕೊಂಡಿದೆ, ಏಕೆಂದರೆ ಅಪಾಯ ಅವಳ ತಲೆಯೊಳಗಿಲ್ಲ, ಅವಳ ಸುತ್ತ ಕುಳಿತವರಲ್ಲಿದೆ.

ಮುಂದಿನ ಸಾಲು
ಅಕ್ಕ, ಹಾಗೆ ನೋಡಿದರೆ ಅರ್ಧದಷ್ಟು ಥ್ರಿಲ್ಲರ್‌ಗಳನ್ನು ಮಾಡುವಂತೆಯೇ ಇಲ್ಲ. ಕಥೆಯನ್ನು ಕಥೆಯಾಗಿ ನೋಡಬಾರದೇ?

ರಾತ್ರಿ ಪಾಳಿ
ಮಾಡಬೇಡಿ ಎನ್ನುತ್ತಿಲ್ಲ ತಮ್ಮ. ಕಾಯಿಲೆಯನ್ನೇ ಕೊನೆಯ ತಿರುವನ್ನಾಗಿ ಮಾಡಬೇಡಿ ಎನ್ನುತ್ತಿದ್ದೇನೆ. ಮಾಡಿದರೂ ಸರಿಯಾಗಿ ತಿಳಿದು ಮಾಡಿ. ಈಗಲೂ ಕಿರುಚಿತ್ರಗಳಲ್ಲಿ ಎಚ್ಚರವಿರುವ ರೋಗಿಯನ್ನು ಕಟ್ಟಿಹಾಕಿ ವಿದ್ಯುತ್ ಚಿಕಿತ್ಸೆ ಕೊಡುವ ದೃಶ್ಯ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಆ ಚಿಕಿತ್ಸೆ ಕೊಡುವಂತಿಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದೂ ನಿಷಿದ್ಧ.

ಹಳೇ ಟಾಕೀಸು
ದಾದಿಯಮ್ಮ ಹೇಳಿದ್ದು ನನ್ನನ್ನು ಯೋಚಿಸುವಂತೆ ಮಾಡಿತು. ‘ಆಪ್ತಮಿತ್ರ’ವನ್ನು ಚಿತ್ರಮಂದಿರದಲ್ಲಿ ಮೂರು ಸಲ ನೋಡಿದವನು ನಾನು. 2004ರಲ್ಲಿ ಬಂದದ್ದು, 1993ರ ಮಲಯಾಳಂ ‘ಮಣಿಚಿತ್ರತಾಳ್’ನಿಂದ. ಮೊದಲರ್ಧದಲ್ಲಿ ದೆವ್ವ ಎನ್ನುತ್ತದೆ, ಆಮೇಲೆ ಮನೋವೈದ್ಯ ಬಂದು ಕಾಯಿಲೆ ಎನ್ನುತ್ತಾನೆ, ಕೊನೆಯಲ್ಲಿ ವೈದ್ಯ ಮತ್ತು ಆಚಾರ್ಯ ಇಬ್ಬರೂ ಸೇರಿಯೇ ಬಿಡಿಸುತ್ತಾರೆ. ದೆವ್ವವೋ ಮನಸ್ಸೋ ಎಂಬ ಈ ಹೊಯ್ದಾಟ ನಮ್ಮ ಭಾಗದ ಚಿತ್ರಗಳ ದೊಡ್ಡ ರೂಢಿ. ಅಲ್ಲಿ ಕಾಯಿಲೆಗೆ ಒಳಗಾದ ಗಂಗಾಳನ್ನು ಯಾರೂ ಶಿಕ್ಷಿಸುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಅಷ್ಟರಮಟ್ಟಿಗೆ ಅದು ಮಾನವೀಯ.

ರಾತ್ರಿ ಪಾಳಿ
ಉಳಿಸಿಕೊಳ್ಳುವ ಮಾತು ನಿಜ, ನನಗೂ ಆ ಚಿತ್ರದಲ್ಲಿ ಅದೇ ಇಷ್ಟ. ಆದರೆ ಆಸ್ಪತ್ರೆಗೆ ಬರುವ ಮೊದಲು ಎರಡು ವರ್ಷ ಅಂಥ ಆಚಾರ್ಯರನ್ನು ಹುಡುಕಿ ಬೇರೆ ಬೇರೆ ಕಡೆ ಅಲೆದು ಬರುವವರನ್ನು ನೋಡಿದಾಗ ಆ ಕ್ಲೈಮ್ಯಾಕ್ಸ್ ನನಗೆ ಕಷ್ಟವಾಗುತ್ತದೆ.

ಕತ್ತರಿ ಕೆಲಸ
ಅಂತ್ಯ ಬದಲಿಸುವುದಾದರೆ ‘ಗ್ಯಾಸ್‌ಲೈಟ್’ ನೋಡಿ. 1938ರ ನಾಟಕ, 1944ರ ಅಮೆರಿಕದ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್ ಇದ್ದಾರೆ. ಗಂಡ ಅಟ್ಟದ ಮೇಲೆ ಗುಟ್ಟಾಗಿ ಅನಿಲ ದೀಪ ಹಚ್ಚಿದಾಗ ಕೆಳಗಿನ ದೀಪ ಮಂಕಾಗುತ್ತದೆ. ಹೆಂಡತಿ ಕೇಳಿದರೆ, ನಿನ್ನ ಭ್ರಮೆ ಎನ್ನುತ್ತಾನೆ. ಅವಳು ಕಂಡದ್ದೆಲ್ಲ ನಿಜ. ಇದು ನಿಮ್ಮ ಕಥೆಯನ್ನು ಪೂರ್ತಿ ತಲೆಕೆಳಗಾಗಿಸಿದ ಹಾಗೆ.

ಅಡಿಕೆ ತೋಟ
ಇದು ನಮ್ಮ ಮನೆಯಲ್ಲೇ ಆಗುತ್ತದೆ! ಬಾವಿಯ ಪಂಪು ಚಾಲೂ ಆದ ಕ್ಷಣ ಅಡುಗೆ ಮನೆಯ ಬಲ್ಬು ಒಂದು ಸಲ ಮಂಕಾಗಿ ಮೇಲೇಳುತ್ತದೆ. ಲೈನಿನ ಕೊನೆಯಲ್ಲಿರುವ ಮನೆಗಳಿಗೆಲ್ಲ ಇದು ದಿನದ ಮಾತು. ಅನಿಲ ದೀಪದ ಬದಲು ಇದನ್ನೇ ಇಡಿ. ಮಗಳು ಮಲಗಿದ್ದಾಳೆ, ರಾತ್ರಿ ಎರಡು ಗಂಟೆಗೆ ಬಲ್ಬು ಮಂಕಾಗುತ್ತದೆ. ಯಾರೋ ಪಂಪು ಹಾಕಿದರು!

ಮುಂದಿನ ಸಾಲು
ರೋಮಾಂಚನವಾಯಿತು. ಆದರೆ ತೋಟಕ್ಕೆ ರಾತ್ರಿ ಪಂಪು ಹಾಕುವುದು ಸಾಮಾನ್ಯವಲ್ಲವೇ? ನಮ್ಮ ದೊಡ್ಡಪ್ಪನ ಊರಿನಲ್ಲಿ ಪಂಪಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ಬರುವುದೇ ರಾತ್ರಿ. ಯಾರೂ ಅನುಮಾನ ಪಡುವುದಿಲ್ಲ.

ಅಡಿಕೆ ತೋಟ
ಒಳ್ಳೆಯ ಪ್ರಶ್ನೆ. ಬೇಸಿಗೆಯಲ್ಲಾದರೆ ನೀವು ಹೇಳಿದ್ದೇ ಸರಿ. ಆದರೆ ಅವರ ಕಥೆಯಲ್ಲಿ ಮಳೆ ಸುರಿಯುತ್ತಿದೆ. ಆಷಾಢದಲ್ಲಿ ತೀರ್ಥಹಳ್ಳಿ ಕಡೆ ತೋಟದ ಕಪ್ಪಿನಲ್ಲೆಲ್ಲ (ಬಸಿಗಾಲುವೆಗಳಲ್ಲಿ) ನೀರು ಹರಿಯುತ್ತಿರುತ್ತದೆ, ಬಾವಿಯಲ್ಲಿ ಕೈಗೆ ಸಿಗುವಷ್ಟು ಮೇಲೆ ನೀರಿರುತ್ತದೆ. ಆ ಹೊತ್ತಿನಲ್ಲಿ ಪಂಪು ಹಾಕುವವನಿಗೆ ನೀರು ಬೇಕಾಗಿಲ್ಲ. ಅವನಿಗೆ ಬಾವಿ ಖಾಲಿಯಾಗಬೇಕಾಗಿದೆ.

ಕತ್ತರಿ ಕೆಲಸ
ಮೇಲಿನ ಕೊನೆಯ ವಾಕ್ಯವನ್ನು ಮೂರು ಸಲ ಓದಿದೆ. ಮಳೆ ಈಗ ಅಲಂಕಾರವಾಗಿ ಉಳಿಯಲಿಲ್ಲ, ಸಾಕ್ಷ್ಯವಾಯಿತು. ವಸ್ತುವಿಗೆ ಕೆಲಸ ಕೊಡುವುದು ಎಂದು ನಾನು ಹೇಳಿದ್ದು ಇದನ್ನೇ.

ಹಳೇ ಟಾಕೀಸು
ಮೇಜಿನ ಕೆಳಗಿನ ಬಾಂಬೂ ಸಿಕ್ಕಿತು. ಬಾವಿಯಲ್ಲಿ ಏನೋ ಇದೆ ಎಂದು ನಮಗೆ ಮೊದಲ ನಿಮಿಷದಲ್ಲೇ ಗೊತ್ತಾಗಲಿ. ಅವಳಿಗೆ ಗೊತ್ತಾಗುವುದಕ್ಕೆ ನಾವು ಕಾಯುತ್ತೇವೆ.

ಸರಸ್ವತಿಪುರಂ
ಇದು ‘ಗ್ಯಾಸ್‌ಲೈಟ್’ನ ನಕಲಾಗುವುದಿಲ್ಲವೇ? ಮೌಲ್ಯಮಾಪನ ಮಾಡುವವರು ಕೇಳಿದರೆ ವಿದ್ಯಾರ್ಥಿಗಳು ಏನು ಹೇಳಬೇಕು?

ಕತ್ತರಿ ಕೆಲಸ
ಎಲ್ಲಿಂದ ಬಂತು ಎಂದು ಅಧ್ಯಯನದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಲಿ. ಮಂಕಾಗುವ ದೀಪ ಪಡೆದದ್ದು, ಮಳೆಗಾಲದ ಪಂಪು ಇವರದು. ಪಡೆದದ್ದು ಎಷ್ಟು, ತಮ್ಮದು ಎಷ್ಟು ಎಂದು ಬಿಡಿಸಿ ತೋರಿಸಿದರೆ ಹತ್ತು ಪುಟದಲ್ಲಿ ನಾಲ್ಕು ಪುಟ ಅಲ್ಲೇ ತುಂಬುತ್ತದೆ.

ಸದ್ದುಗಾರ
ತಡವಾಗಿ ಬಂದೆ. ಎರಡು ತಾಂತ್ರಿಕ ಎಚ್ಚರಿಕೆ.

ಈಗ ಎಲ್ಲರ ಮನೆಯಲ್ಲೂ ಇರುವುದು ಎಲ್‌ಇಡಿ ಬಲ್ಬು. ವೋಲ್ಟೇಜ್ ಸ್ವಲ್ಪ ಕುಸಿದರೆ ಒಳ್ಳೆಯ ಎಲ್‌ಇಡಿ ಮಂಕಾಗುವುದಿಲ್ಲ, ಒಳಗಿನ ಸರ್ಕ್ಯೂಟ್ ಸರಿದೂಗಿಸಿಬಿಡುತ್ತದೆ. ತಂತಿ ಕಾದು ಬೆಳಗುವ ಹಳೆಯ ಬುರುಡೆ ಬಲ್ಬೇ ಬೇಕು. ಪಂಪನ್ನು ನಂಬಿ ಚಿತ್ರೀಕರಿಸಬೇಡಿ, ಬಲ್ಬಿಗೆ ಒಂದು ಡಿಮ್ಮರ್ ಹಾಕಿ ಕೈಯಲ್ಲಿ ತಿರುಗಿಸಿ. ಮೊಬೈಲಿನಲ್ಲಿ ಶಟರ್ ವೇಗ 1/50 ಅಥವಾ 1/100 ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಬೇರೆ ವೇಗ ಇಟ್ಟರೆ ದೃಶ್ಯವಿಡೀ ಮಿಣುಕಬಹುದು, ಆಗ ನಿಮ್ಮ ಆ ಒಂದು ಮಿಣುಕು ಯಾರಿಗೂ ಕಾಣುವುದಿಲ್ಲ.

ಇನ್ನು ಸದ್ದು. ‘ಸೈಕೋ’ದಲ್ಲಿ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಬಳಸಿದರು. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು, ಹರ್ಮನ್ ಬರೆದದ್ದನ್ನು ಕೇಳಿ ಮನಸ್ಸು ಬದಲಿಸಿದರು. ಅಂದಿನಿಂದ ವಿದ್ಯಾರ್ಥಿಗಳೆಲ್ಲ ಪಿಟೀಲನ್ನು ಕೀರಲಿಸುತ್ತಿದ್ದಾರೆ. ನಿಮಗೆ ಅದು ಬೇಡ. ನಮ್ಮಲ್ಲಿ ಸುನಿಲ್ ಕುಮಾರ್ ದೇಸಾಯಿ ‘ತರ್ಕ’, ‘ನಿಷ್ಕರ್ಷ’ಗಳನ್ನು ಹಾಡಿಲ್ಲದೆಯೇ ನಿಲ್ಲಿಸಿದರು. ಹಂಚಿನ ಮೇಲಿನ ಮಳೆ, ಜೀರುಂಡೆ, ಕಪ್ಪೆ, ಇಷ್ಟು ಸಾಕು. ಜೀರುಂಡೆಗಳು ಒಮ್ಮೆಲೇ ಸುಮ್ಮನಾದರೆ ಮಲೆನಾಡಿನವರಿಗೆ ಅರ್ಥವಾಗುತ್ತದೆ, ಹೊರಗೆ ಯಾರೋ ನಡೆದಿದ್ದಾರೆ. ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ದಾಖಲಿಸಿಕೊಳ್ಳಲು ಮರೆಯಬೇಡಿ, ಸಂಕಲನದಲ್ಲಿ ಅದಿಲ್ಲದೆ ಪರದಾಡುತ್ತೀರಿ.

ಮುಂದಿನ ಸಾಲು
ಹಾಗಾದರೆ ಒರಳು ಕಲ್ಲಿನ ಸದ್ದು ಬಿಡಬೇಕೇ? ನನಗೆ ಅದೇ ಇಷ್ಟವಾಗಿತ್ತು.

ಸದ್ದುಗಾರ
ಬಿಡುವುದೇಕೆ? ದೂರದಿಂದ ಗೋಡೆಯಾಚೆ ಕೇಳಿದಾಗ ಪಂಪಿನ ಗುರುಗುರು ಒರಳು ತಿರುಗಿದಂತೆಯೇ ಇರುತ್ತದೆ. ಅವಳು ಅಮ್ಮನ ಒರಳು ಎಂದುಕೊಂಡದ್ದು ಪಂಪಾಗಿತ್ತು.

ರಾತ್ರಿ ಪಾಳಿ
ಇದನ್ನು ಓದಿ ಕಣ್ಣು ತುಂಬಿತು. ತಾಯಿಯನ್ನು ಕಳೆದುಕೊಂಡವರಿಗೆ ಅವರ ಧ್ವನಿ, ಅವರ ಕೆಲಸದ ಸದ್ದು ಕೇಳಿಸಿದಂತಾಗುವುದು ದುಃಖದ ಸಹಜ ಭಾಗ, ಅದು ಹುಚ್ಚಲ್ಲ. ಆ ದುಃಖವನ್ನೇ ಅಣ್ಣ ಅವಳ ವಿರುದ್ಧ ಬಳಸುತ್ತಾನೆ ಎಂದರೆ ಈ ಚಿತ್ರವನ್ನು ನನ್ನ ವಾರ್ಡಿನಲ್ಲೂ ತೋರಿಸಬಹುದು. ಕೊನೆಯ ಚೌಕಟ್ಟಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕುವಿರಾ?

ತುಂಗೆಯ ದಡ
ಖಂಡಿತ ಹಾಕುತ್ತೇವೆ ಅಕ್ಕ.

ನಿನ್ನೆ ರಾತ್ರಿ ಹನ್ನೊಂದರವರೆಗೆ ನಾಲ್ವರೂ ಕುಳಿತು ಪಟ್ಟಿಯನ್ನು ಹೊಡೆದು ಹಾಕಿದೆವು. ಒಂಬತ್ತು ಉಳಿದಿವೆ. ಒಡೆದ ಕನ್ನಡಿ ಹೋಯಿತು, ನಿಂತ ಗಡಿಯಾರ ಹೋಯಿತು. ಮಳೆ, ದೀಪ, ನಂಬದ ಮನೆಯವರು, ಒಬ್ಬಳ ಕಿವಿಗೆ ಮಾತ್ರ ಬೀಳುವ ಸದ್ದು, ಮುಚ್ಚಿದ ಬಾವಿ ಮುಂತಾದವು ಉಳಿದವು. ಪ್ರತಿಯೊಂದರ ಎದುರಿಗೂ ಒಂದೊಂದು ಸಾಲು ಬರೆದಿದ್ದೇವೆ. ‘ಅವಳಿಗೇ ಕಾಯಿಲೆ’ ಎಂಬ ರೂಢಿಯನ್ನು ಅಧ್ಯಯನದಲ್ಲಿ ಇಟ್ಟುಕೊಂಡು, ಅದನ್ನು ಏಕೆ ಕೈಬಿಟ್ಟೆವು ಎಂದು ಪ್ರತ್ಯೇಕ ಅಧ್ಯಾಯ ಬರೆಯುತ್ತಿದ್ದೇವೆ. ಚಕೋರದ ಮಾತನ್ನು ಅಲ್ಲಿ ಬಳಸಲೇ? ಸರಸ್ವತಿಪುರಂ ಮೇಡಂ ಮತ್ತು ಅಕ್ಕ ಇಬ್ಬರ ಒಪ್ಪಿಗೆ ಬೇಕು.

ಅಣ್ಣನ ಪಾತ್ರಕ್ಕೆ ನಮ್ಮ ತರಗತಿಯ ಬಹಳ ಮೆದು ಮಾತಿನ ಹುಡುಗನೊಬ್ಬ ಒಪ್ಪಿದ್ದಾನೆ. ‘ನೀನು ಮಲಗು’ ಎಂದು ಅವನು ಹೇಳಿ ತೋರಿಸಿದಾಗ ನಾವೆಲ್ಲ ಸುಮ್ಮನಾದೆವು.

ಭಾನುವಾರ ಚಿತ್ರೀಕರಣ. ಬುರುಡೆ ಬಲ್ಬು ಗಾಂಧಿಬಜಾರಿನ ಮೂರು ಅಂಗಡಿಯಲ್ಲಿ ಕೇಳಿದೆ, ಸಿಗಲಿಲ್ಲ.

ಸರಸ್ವತಿಪುರಂ
ಸಂತೋಷದಿಂದ ಬಳಸಮ್ಮ. ನಾನು ಮೂವತ್ತು ವರ್ಷ ಆ ಪಾಠ ಮಾಡಿದ್ದೇನೆ, ದಾದಿಯವರ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ರಾತ್ರಿ ಪಾಳಿ
ಬಳಸು ತಂಗಿ. ನನ್ನ ಹೆಸರು ಬೇಡ.

ಅಡಿಕೆ ತೋಟ
ನಮ್ಮ ಅಟ್ಟದಲ್ಲಿ ಅರವತ್ತು ವ್ಯಾಟಿನ ನಾಲ್ಕು ಬುರುಡೆ ಬಲ್ಬುಗಳಿವೆ, ಅಪ್ಪ ಕಾಗದ ಸುತ್ತಿ ಇಟ್ಟದ್ದು. ಶನಿವಾರ ಅಡಿಕೆ ಮಂಡಿಗೆ ಶಿವಮೊಗ್ಗಕ್ಕೆ ಬರುತ್ತೇನೆ, ತಂದು ಕೊಡುತ್ತೇನೆ. ಪಂಪಿನ ಸದ್ದು ಬೇಕಿದ್ದರೆ ಇವತ್ತು ರಾತ್ರಿ ಗೋಡೆಯಾಚೆಯಿಂದ ದಾಖಲಿಸಿ ಕಳುಹಿಸಲೇ? ಮಳೆ ಹಿಡಿದಿದೆ.